ಮನೆ ಚೆಂದ ಮಾಡೋಣ, ಸಾಲ ಮಾಡದೆ



ಮೂರು ವಾರದಿಂದ ಸಂಘದ ಸಭೆಗೆ ಬಾರದ ಒಬ್ಬ ಸದಸ್ಯೆಯನ್ನು ನೋಡಿಕೊಂಡು ಬರಲು ನಾವು ಅವರ ಮನೆಗೆ ಹೋಗಿದ್ದೆವು. ಶಿವಮೊಗ್ಗದ ಹೊರವಲಯದ ಒಂದು ಬಡಾವಣೆ. ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು ಹತ್ತು ನಿಮಿಷ ನಡೆಯಬೇಕು. ಅವರ ಹೆಸರು ಇಲ್ಲಿ ಬೇಡ, ಅಕ್ಕ ಎಂದೇ ಕರೆಯೋಣ. ಬಾಗಿಲು ತೆಗೆದ ಅಕ್ಕ "ಬನ್ನಿ ಸಿಸ್ಟರ್" ಎಂದು ಕರೆದು, ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಎದುರಿಗೇ ಹೊಸ ಸೋಫಾ ಸೆಟ್ ಇತ್ತು. ಅಂಗಡಿಯಿಂದ ಬರುವಾಗ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು.

"ಅದರ ಮೇಲೆ ಯಾರೂ ಕೂರಲ್ಲ ಸಿಸ್ಟರ್. ಕಂತು ಮುಗಿಯೋ ತನಕ ಹೊಸದಾಗೇ ಇರಲಿ ಅಂತ" ಎಂದರು.

ಮಾತಾಡುತ್ತಾ ವಿಷಯ ಹೊರಗೆ ಬಂತು. ಎದುರು ಮನೆಯವರ ಗೃಹಪ್ರವೇಶಕ್ಕೆ ಹೋಗಿ ಬಂದ ಮೇಲೆ ತಮ್ಮ ಮನೆ ಅಕ್ಕನ ಕಣ್ಣಿಗೆ ಬಡವಾಗಿ ಕಂಡಿತು. ನೆಂಟರು ಬಂದರೆ ಏನಂದುಕೊಳ್ಳುತ್ತಾರೆ? ಮಗಳನ್ನು ನೋಡಲು ನಾಳೆ ಯಾರಾದರೂ ಬಂದರೆ ಎಲ್ಲಿ ಕೂರಿಸುವುದು? ಒಂದು ಹಣಕಾಸು ಕಂಪನಿಯಿಂದ ೨೪,೦೦೦ ರೂಪಾಯಿ ಸಾಲ ತೆಗೆದರು. ಸೋಫಾ ಬಂತು, ಕಿಟಕಿಗೆ ಮಿನುಗುವ ಕರ್ಟನ್ ಬಂತು, ಮುಂದಿನ ಕೋಣೆಯ ಒಂದು ಗೋಡೆಗೆ ಕಿತ್ತಳೆ ಬಣ್ಣ ಬಂತು. ತಿಂಗಳಿಗೆ ೧,೨೪೦ ರೂಪಾಯಿ ಕಂತು. ಯಜಮಾನರ ಗೂಡ್ಸ್ ಆಟೋ ರಿಪೇರಿಗೆ ನಿಂತಾಗ ಎರಡು ಕಂತು ತಪ್ಪಿತು. ಕಿವಿಯ ಓಲೆ ಅಡವಿಗೆ ಹೋಯಿತು. ಮಗಳ ಪಿ.ಯು.ಸಿ. ಶುಲ್ಕ ಕಟ್ಟುವ ದಿನ ಹತ್ತಿರ ಬಂದಿತ್ತು. "ಬರಿಗಿವೀಲಿ ಸಭೆಗೆ ಹೆಂಗೆ ಬರ್ಲಿ ಸಿಸ್ಟರ್, ಎಲ್ಲರೂ ಕೇಳ್ತಾರೆ" ಎಂದು ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಕಾಫಿ ಮಾಡಲು ಅವರು ಒಳಗೆ ಹೋದಾಗ ನಾವೂ ಹಿಂದೆ ಹೋದೆವು. ಅಡುಗೆಮನೆಯ ಗೋಡೆ ಹೊಗೆಯಿಂದ ಕಪ್ಪಾಗಿತ್ತು. ಸಿಂಕಿನ ಕೆಳಗೆ ನೀರು ಜಿನುಗಿ ಗಾರೆ ಉದುರುತ್ತಿತ್ತು. ಇರುವ ಒಂದೇ ಕಿಟಕಿಗೆ ಹಳೆಯ ರಟ್ಟಿನ ಪೆಟ್ಟಿಗೆಗಳು ಅಡ್ಡ ನಿಂತಿದ್ದವು. ಅಕ್ಕ ದಿನಕ್ಕೆ ಆರೇಳು ಗಂಟೆ ಇರುವುದು ಅಲ್ಲಿ. ಸೋಫಾ ಇರುವ ಕೋಣೆಯಲ್ಲಿ ಅವರು ಕೂರುವುದು ಅಪರೂಪ.

ಈ ಪಾಠ ಅವರನ್ನು ದೂರಲು ಬರೆದದ್ದಲ್ಲ. ಅವರೇ "ಬರೀರಿ ಸಿಸ್ಟರ್, ಬೇರೆಯವರಿಗಾದ್ರೂ ಉಪಯೋಗ ಆಗಲಿ" ಎಂದಿದ್ದಾರೆ. ಮನೆ ಚೆಂದ ಇರಬೇಕು ಎಂಬ ಆಸೆ ತಪ್ಪಲ್ಲ. ಬಡವರ ಮನೆಯೂ ಚೆಂದ ಇರಬೇಕು. ಆದರೆ ಯಾರಿಗಾಗಿ, ಯಾವ ದುಡ್ಡಿನಲ್ಲಿ, ಯಾರ ಕೈಯಿಂದ? ಇದನ್ನು ಕೂತು ಯೋಚಿಸೋಣ.

ಬಡಾವಣೆಗೆ ಬಂದ ಮೇಲೆ ಏನಾಯಿತು?

ನಮ್ಮ ಸದಸ್ಯೆಯರಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದವರು. ಒಬ್ಬರು ಸೊರಬದ ಕಡೆಯವರು, ಒಬ್ಬರು ಶಿಕಾರಿಪುರದವರು, ಇನ್ನೊಬ್ಬರು ಹಾವೇರಿಯಿಂದ ಬಂದು ನೆಲೆಸಿದವರು. ಊರಲ್ಲಿ ನಿಮ್ಮನ್ನು ಯಾರೂ ಮನೆಯ ಬಣ್ಣದಿಂದ ಗುರುತಿಸುತ್ತಿರಲಿಲ್ಲ. ಇಂಥವರ ಸೊಸೆ, ಇಂಥವರ ಮಗಳು ಎಂದರೆ ಸಾಕಿತ್ತು. ಬಡಾವಣೆಯಲ್ಲಿ ಹಾಗಲ್ಲ. ಪಕ್ಕದ ಮನೆಯವರ ಹೆಸರು ಗೊತ್ತಾಗಲು ಒಂದು ವರ್ಷ ಬೇಕು. ಅಲ್ಲಿಯ ತನಕ "ಆ ನೀಲಿ ಗೇಟಿನವರು", "ಆ ಟೈಲ್ಸ್ ಹಾಕಿಸಿದವರು" ಎಂದೇ ಗುರುತು. ಜನರ ಪರಿಚಯ ಇಲ್ಲದ ಕಡೆ ವಸ್ತುಗಳೇ ಪರಿಚಯ ಹೇಳುತ್ತವೆ. ಆದ್ದರಿಂದಲೇ ವಸ್ತುಗಳ ಪೈಪೋಟಿ ಹುಟ್ಟುತ್ತದೆ.

ಇನ್ನೊಂದು ಮಾತು. ಎದುರು ಮನೆಯವರ ಗೋಡೆ ನಮಗೆ ಕಾಣುತ್ತದೆ, ಅವರ ಪಾಸ್‌ಬುಕ್ ಕಾಣುವುದಿಲ್ಲ. ಅವರ ಸೋಫಾ ಸಾಲದ್ದೋ, ತವರಿನ ಉಡುಗೊರೆಯೋ, ಹತ್ತು ವರ್ಷ ಕೂಡಿಟ್ಟ ದುಡ್ಡಿನದೋ ನಮಗೆ ತಿಳಿಯದು. ತಿಳಿಯದ ಲೆಕ್ಕವನ್ನು ನೋಡಿ ನಾವು ನಮ್ಮ ಲೆಕ್ಕ ಹಾಕಿದರೆ ತಪ್ಪದೆ ಇರುತ್ತದೆಯೇ?

ನಾವೂ ಇದರಿಂದ ಹೊರತಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಛೇರಿಗೆ ಹೊರಗಿನಿಂದ ಅತಿಥಿಗಳು ಬರುತ್ತಾರೆಂದು ಸಭಾಂಗಣಕ್ಕೆ ಹೊಸ ಪರದೆ, ಹೂಕುಂಡ ಎಲ್ಲ ತರಿಸಿದೆವು. ಆ ದಿನ ತರಬೇತಿಗೆ ಬಂದಿದ್ದ ಒಬ್ಬ ಹಿರಿಯ ಸದಸ್ಯೆ ಮೆಲ್ಲಗೆ, "ಪರದೆ ಚೆನ್ನಾಗಿದೆ ಸಿಸ್ಟರ್, ಆದ್ರೆ ಹೆಂಗಸರ ಶೌಚಾಲಯದ ಚಿಲಕ ಮುರಿದು ಆರು ತಿಂಗಳಾಯ್ತು" ಎಂದರು. ನಮಗೆ ನಾಚಿಕೆಯಾಯಿತು. ಮಾರನೆಯ ದಿನವೇ ಚಿಲಕ ಹಾಕಿಸಿದೆವು. ನೋಡುವವರಿಗಾಗಿ ಅಲಂಕಾರ ಮಾಡುವಾಗ ಇರುವವರನ್ನು ಮರೆಯುತ್ತೇವೆ ಎಂಬುದನ್ನು ಅವರಿಂದ ಕಲಿತೆವು.

ಮೊದಲು ಲೆಕ್ಕ

ಅಕ್ಕನ ಸಾಲವನ್ನೇ ತೆಗೆದುಕೊಳ್ಳೋಣ. ೨೪,೦೦೦ ರೂಪಾಯಿ, ಎರಡು ವರ್ಷ, ೨೪ ಕಂತು. "ಬಡ್ಡಿ ವರ್ಷಕ್ಕೆ ಶೇಕಡಾ ೧೨ ಮಾತ್ರ" ಎಂದು ಹೇಳಿದ್ದರು. ಕೇಳಲು ಕಡಿಮೆಯೇ. ಆದರೆ ಬಡ್ಡಿ ಹಾಕುವ ರೀತಿ ಎರಡು ಇದೆ.

ಒಂದು, ಫ್ಲಾಟ್ ಬಡ್ಡಿ. ನೀವು ಅಸಲು ತೀರಿಸುತ್ತಾ ಬಂದರೂ, ಕೊನೆಯ ತಿಂಗಳ ತನಕ ಪೂರ್ತಿ ೨೪,೦೦೦ಕ್ಕೇ ಬಡ್ಡಿ. ವರ್ಷಕ್ಕೆ ೨,೮೮೦, ಎರಡು ವರ್ಷಕ್ಕೆ ೫,೭೬೦ ರೂಪಾಯಿ. ಒಟ್ಟು ೨೯,೭೬೦. ಅದನ್ನು ೨೪ ಕಂತು ಮಾಡಿದರೆ ತಿಂಗಳಿಗೆ ೧,೨೪೦.

ಎರಡು, ಇಳಿಕೆ ಬಡ್ಡಿ. ಬಾಕಿ ಉಳಿದ ಅಸಲಿಗೆ ಮಾತ್ರ ಬಡ್ಡಿ. ನಮ್ಮ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದುಕೊಳ್ಳಿ. ಪ್ರತಿ ತಿಂಗಳು ೧,೦೦೦ ರೂಪಾಯಿ ಅಸಲು ಕಟ್ಟುತ್ತೀರಿ. ಮೊದಲ ತಿಂಗಳ ಬಡ್ಡಿ ೨೪೦, ಎರಡನೆಯ ತಿಂಗಳು ೨೩೦, ಮೂರನೆಯ ತಿಂಗಳು ೨೨೦. ಹೀಗೆ ಇಳಿಯುತ್ತಾ ಕೊನೆಯ ತಿಂಗಳು ಬರೀ ೧೦ ರೂಪಾಯಿ. ಎಲ್ಲ ಕೂಡಿಸಿದರೆ ೩,೦೦೦ ರೂಪಾಯಿ.

ಎರಡಕ್ಕೂ "ಶೇಕಡಾ ೧೨" ಎಂದೇ ಹೆಸರು. ಒಂದರಲ್ಲಿ ೫,೭೬೦, ಇನ್ನೊಂದರಲ್ಲಿ ೩,೦೦೦. ಫ್ಲಾಟ್ ಲೆಕ್ಕದ ಶೇಕಡಾ ೧೨ ಎನ್ನುವುದು ಇಳಿಕೆ ಲೆಕ್ಕದಲ್ಲಿ ಶೇಕಡಾ ೨೧ನ್ನೂ ದಾಟುತ್ತದೆ. ಆದ್ದರಿಂದ ಯಾರೇ ಸಾಲ ಕೊಡಲು ಬಂದರೂ ಮೊದಲು ಕೇಳಬೇಕಾದ ಮಾತು: "ಫ್ಲಾಟೋ, ಇಳಿಕೆಯೋ? ಕೊನೆಗೆ ಒಟ್ಟು ಎಷ್ಟು ಕಟ್ಟುತ್ತೇನೆ?" ಉತ್ತರವನ್ನು ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ, ಬರೆಸಿಕೊಳ್ಳಿ.

೨೦೨೨ರಲ್ಲಿ ರಿಸರ್ವ್ ಬ್ಯಾಂಕ್ ಕಿರುಸಾಲ ಕೊಡುವವರಿಗೆ ನಿಯಮ ಮಾಡಿದೆ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬಡ್ಡಿ, ಶುಲ್ಕ ಎಲ್ಲವನ್ನೂ ಬರೆದ ವಿವರಪತ್ರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ ೯ಕ್ಕೆ ಮೊದಲು, ಸಂಜೆ ೬ರ ನಂತರ ವಸೂಲಿಗೆ ಬರುವಂತಿಲ್ಲ. ೨೦೨೫ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ತಂದಿತು. ಅದರಲ್ಲಿ ೧೦ ವರ್ಷಗಳವರೆಗೆ ಜೈಲು, ೫ ಲಕ್ಷ ರೂಪಾಯಿವರೆಗೆ ದಂಡ ಎಂದಿದೆ. ಮನೆ ಮುಂದೆ ನಿಂತು ಬೈದರೆ ಹೆದರಿ ಒಳಗೆ ಕೂರಬೇಡಿ. ಸಂಘಕ್ಕೆ ತಿಳಿಸಿ, ನಾಲ್ಕು ಜನ ಸೇರಿ ಪೊಲೀಸ್ ಠಾಣೆಗೆ ಹೋಗಿ. ಹಾಗೆಂದು ತೆಗೆದ ಸಾಲವನ್ನು ಕಟ್ಟಬೇಕಾಗಿಲ್ಲ ಎಂದು ಅರ್ಥವಲ್ಲ, ಅದೂ ನೆನಪಿರಲಿ.

ನಮ್ಮ ಸಲಹೆ ಇಷ್ಟೇ: ದುಡಿದು ಕೊಡುವ ವಸ್ತುವಿಗೆ ಸಾಲ ಮಾಡಬಹುದು. ಹೊಲಿಗೆ ಯಂತ್ರ, ಹಸು, ಮಗಳ ಓದು ಇವೆಲ್ಲ ನಾಳೆ ಏನಾದರೂ ತಂದುಕೊಡುತ್ತವೆ. ಸುಮ್ಮನೆ ನಿಂತು ನೋಡಿಸಿಕೊಳ್ಳುವ ವಸ್ತುವಿಗೆ ಸಾಲ ಬೇಡ. ಅದನ್ನು ಕೂಡಿಟ್ಟು ಕೊಳ್ಳಿ.

ಯಾವುದು ಮೊದಲು, ಯಾವುದು ಆಮೇಲೆ?

ಕೇರಳದ ತಿರುವನಂತಪುರದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಇದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ, ೧೯೪೫ರಲ್ಲಿ ಭಾರತಕ್ಕೆ ಬಂದು, ಇಲ್ಲಿಯವರೇ ಆಗಿ ೨೦೦೭ರಲ್ಲಿ ತೀರಿಕೊಂಡರು. ೧೯೯೦ರಲ್ಲಿ ಪದ್ಮಶ್ರೀ ಬಂತು. ಕಡಿಮೆ ಖರ್ಚಿನ ಸಾವಿರಾರು ಮನೆಗಳಿಗೆ ದಾರಿ ತೋರಿಸಿದವರು ಅವರು. ಮನೆಗೆ ಏನೇ ಸೇರಿಸುವ ಮೊದಲು "ಇದು ಬೇಕೇ?" ಎಂದು ಕೇಳಿಕೊಳ್ಳಬೇಕು ಎಂಬುದು ಅವರು ಕಲಿಸಿದ ಪಾಠ. ನಾವೂ ಕೇಳಿಕೊಳ್ಳೋಣ. ಕೆಲಸದ ಕ್ರಮ ಹೀಗಿರಲಿ:

೧. ಸೋರುವುದನ್ನು ನಿಲ್ಲಿಸಿ. ತಾರಸಿ, ನಲ್ಲಿ, ಸಿಂಕು. ತೇವ ಇರುವ ಗೋಡೆಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಒಂದು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ. ಹೊರಗೋಡೆಗೆ ತಾಗಿಸಿ ಮಣ್ಣು, ಮರಳು ಗುಡ್ಡೆ ಹಾಕಿದ್ದರೆ ಸರಿಸಿ, ತೇವ ಅಲ್ಲಿಂದಲೂ ಏರುತ್ತದೆ.

೨. ಬೆಳಕು, ಗಾಳಿ ಬಿಡಿ. ಕಿಟಕಿಗೆ ಅಡ್ಡ ಇರುವ ಬೀರು, ಪೆಟ್ಟಿಗೆ ಸರಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಕನ್ನಡಿಯನ್ನು ಕಿಟಕಿಯ ಎದುರಿನ ಗೋಡೆಗೆ ಹಾಕಿದರೆ ಕತ್ತಲೆ ಕೋಣೆಗೂ ಬೆಳಕು ಬರುತ್ತದೆ. ಹೆಂಚಿನ ಮನೆಯಾದರೆ ಅಡುಗೆಮನೆಯ ಮೇಲೆ ಒಂದೆರಡು ಗಾಜಿನ ಹೆಂಚು ಹಾಕಿಸಿ. ಹಳೆಯ ೬೦ ವಾಟಿನ ಬಲ್ಬ್ ದಿನಕ್ಕೆ ೫ ಗಂಟೆ ಉರಿದರೆ ತಿಂಗಳಿಗೆ ೯ ಯೂನಿಟ್. ಅಷ್ಟೇ ಬೆಳಕು ಕೊಡುವ ೯ ವಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ ಕೂಡ ಆಗದು.

೩. ಬೇಡದ್ದನ್ನು ಹೊರಗೆ ಹಾಕಿ. ಮುರಿದ ಕುರ್ಚಿ, ಕೆಟ್ಟ ಮಿಕ್ಸಿ, ಹಳೆಯ ಪೇಪರು ಗುಜರಿಗೆ ಕೊಡಿ. ಬಂದ ದುಡ್ಡನ್ನು ಒಂದು ಡಬ್ಬಿಗೆ ಹಾಕಿ "ಮನೆ ಡಬ್ಬಿ" ಎಂದು ಹೆಸರಿಡಿ.

೪. ಆಮೇಲೆ ಸುಣ್ಣ, ಬಣ್ಣ.

೫. ಎಲ್ಲ ಮುಗಿದ ಮೇಲೆ ಪರದೆ, ಚಿತ್ರ, ಹೂಗಿಡ.

ಅಡುಗೆಮನೆಯಿಂದ ಶುರುಮಾಡಿ, ಮುಂದಿನ ಕೋಣೆ ಕೊನೆಗೆ ಬರಲಿ. ನೀವು ಹೆಚ್ಚು ಹೊತ್ತು ಎಲ್ಲಿ ಇರುತ್ತೀರೋ ಆ ಜಾಗ ಮೊದಲು.

ಸುಣ್ಣ ಹೊಡೆಯುವ ವಿಧಾನ

ಸುಣ್ಣ ಎಂದರೆ ಈಗ ಎಲ್ಲರಿಗೂ ಸಸಾರ. ಆದರೆ ಸುಣ್ಣದ ಗೋಡೆ ಉಸಿರಾಡುತ್ತದೆ, ತೇವ ಒಳಗೆ ನಿಲ್ಲಗೊಡುವುದಿಲ್ಲ, ಕೋಣೆಗೆ ಬೆಳಕು ಕೊಡುತ್ತದೆ, ಬೂಷ್ಟು ಬೇಗ ಬರುವುದಿಲ್ಲ. ಬಣ್ಣದ ಡಬ್ಬಿಗೆ ಹೋಲಿಸಿದರೆ ಖರ್ಚು ತೀರಾ ಕಡಿಮೆ. ಮಾಡುವ ಕ್ರಮ ಹೀಗೆ:

ಐದು ಕೆ.ಜಿ. ಸುಟ್ಟ ಸುಣ್ಣದ ಕಲ್ಲಿಗೆ ೨೫ ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ, ಕಲ್ಲನ್ನು ಒಂದೊಂದಾಗಿ ಬಿಡಿ. ನೀರು ಕುದಿಯುತ್ತದೆ, ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಕರಗೀತು, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಹಾಕುತ್ತದೆ, ಎರಡೂ ಬೇಡ. ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಕನ್ನಡಕ, ಕೈಗೆ ಕವಚ ಇರಲಿ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಕೂಡಲೇ ತುಂಬಾ ಹೊತ್ತು ತಣ್ಣೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಉಳಿದ ನೀರು ಸೇರಿಸಿ ಚೆನ್ನಾಗಿ ಕದಡಿ ಒಂದು ಹಗಲು ಒಂದು ರಾತ್ರಿ ಬಿಡಿ. ಮಾರನೆಯ ದಿನ ಒರಟು ಬಟ್ಟೆಯಲ್ಲಿ ಸೋಸಿ. ೧೦೦ ಗ್ರಾಂ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ಅಂಟು ಇಲ್ಲದಿದ್ದರೆ ಒರಗಿದವರ ಬೆನ್ನಿಗೆಲ್ಲ ಸುಣ್ಣವಾಗುತ್ತದೆ. ಬೆಳ್ಳಗೆ ಹೊಳೆಯಲು ಸ್ವಲ್ಪ ನೀಲಿ, ೧೫ ಗ್ರಾಂ ಮೀರದಂತೆ.

ಗೋಡೆಯ ಧೂಳು, ಸಿಪ್ಪೆ, ಹಳೆಯ ಮೊಳೆ ತೆಗೆದು ನೀರು ಚಿಮುಕಿಸಿ. ಮೊದಲ ಸಾರಿ ಬಳಿದಾಗ ಗೋಡೆ ಬರೀ ಒದ್ದೆಯಾದ ಹಾಗೆ ಕಾಣುತ್ತದೆ. ಹೆದರಬೇಡಿ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಒಂದು ಬಳಿ ಒಣಗಿದ ನಂತರವೇ ಇನ್ನೊಂದು. ಹೊಸ ಗೋಡೆಗೆ ಮೂರು ಬಳಿ, ಹಳೆಯದಕ್ಕೆ ಒಂದೆರಡು. ಕೆಳಗೆ ಒಂದಡಿ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯಿರಿ. ನೆಲ ಒರೆಸುವಾಗ ಹಾರುವ ಕೊಳೆ ಅದರಲ್ಲಿ ಕಾಣುವುದಿಲ್ಲ, ನೋಡಲೂ ಲಕ್ಷಣ. ನಮ್ಮ ಹಿರಿಯರು ಅದನ್ನು ಸುಮ್ಮನೆ ಮಾಡಿರಲಿಲ್ಲ.

ಡಿಸ್ಟೆಂಪರ್ ಅಥವಾ ಆಯಿಲ್ ಪೇಂಟ್ ಇರುವ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಕೆರೆದು ತೆಗೆಯಬೇಕು. ಆದರೆ ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ ೯೦ ಭಾಗ ಮೀರಬಾರದು ಎಂಬ ನಿಯಮ ೨೦೧೭ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಕೆರೆಯಬೇಡಿ. ನೀರು ಹಚ್ಚಿ ಒದ್ದೆ ಮಾಡಿ ಕೆರೆಯಿರಿ. ಮಕ್ಕಳು, ಬಸುರಿಯರು ಆ ದಿನ ಪಕ್ಕದ ಮನೆಯಲ್ಲಿರಲಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು.

ಮಿಕ್ಕಿದ ಸುಣ್ಣವನ್ನು ತಾರಸಿಗೆ ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಗುಜರಾತಿನ ಅಹಮದಾಬಾದ್ ನಗರದಲ್ಲಿ ೨೦೧೭ರಲ್ಲಿ ಬಿಸಿಲಿನ ಬೇಗೆ ತಗ್ಗಿಸಲು ಸಾವಿರಾರು ಬಡವರ ಮನೆಗಳ ಮಾಡಿಗೆ ಹೀಗೆ ಬಿಳಿ ಸುಣ್ಣ ಬಳಿದರು. ಆದರೆ ಮಾಡು ಸಿಮೆಂಟ್ ಶೀಟಿನದಾದರೆ ಅದನ್ನು ಕೆರೆಯುವುದು, ತೂತು ಕೊರೆಯುವುದು ಬೇಡ. ಅದರಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಹತ್ತಿ ನಿಂತರೆ ಮುರಿದೂ ಬೀಳುತ್ತದೆ.

ಬಾಡಿಗೆ ಮನೆಯವರು ಮಾಲೀಕರನ್ನು ಒಂದು ಮಾತು ಕೇಳಿ. "ಸುಣ್ಣ ನಾವೇ ಹೊಡೀತೀವಿ, ಸಾಮಾನು ನೀವು ಕೊಡಿಸಿ" ಎಂದರೆ ಒಪ್ಪುವವರು ಇದ್ದಾರೆ.

ಪೆಟ್ಟಿಗೆಯಲ್ಲಿರುವುದೇ ಅಲಂಕಾರ

ಕರ್ಟನ್ ಕೊಳ್ಳುವ ಮೊದಲು ಟ್ರಂಕು ತೆಗೆದು ನೋಡಿ. ಒಂದು ಸೀರೆ ಸುಮಾರು ಐದೂವರೆ ಮೀಟರ್, ಅಂದರೆ ೧೮ ಅಡಿ. ಅಗಲ ೪೫ ಇಂಚು. ನಾಲ್ಕಡಿ ಎತ್ತರದ ಕಿಟಕಿಗೆ ಮಡಿಕೆ ಸೇರಿ ನಾಲ್ಕೂವರೆ ಅಡಿ ಬೇಕು. ಹಾಗಾಗಿ ಒಂದು ಸೀರೆಯಲ್ಲಿ ನಾಲ್ಕು ತುಂಡು ಬರುತ್ತದೆ. ಮೂರಡಿ ಅಗಲದ ಕಿಟಕಿಗೆ ಎರಡು ತುಂಡು ಹಾಕಿದರೆ ನೆರಿಗೆ ಚೆನ್ನಾಗಿ ನಿಲ್ಲುತ್ತದೆ. ಒಂದು ಹಳೆಯ ಸೀರೆ, ಎರಡು ಕಿಟಕಿ. ಅಂಚು ಎರಡೂ ಪಕ್ಕದಲ್ಲಿ ಉದ್ದಕ್ಕೆ ಇಳಿದು ತಾನೇ ಅಲಂಕಾರವಾಗುತ್ತದೆ. ಹತ್ತಿ ಸೀರೆಯೇ ಒಳ್ಳೆಯದು, ಗಾಳಿ ಬಿಡುತ್ತದೆ. ಒಲೆಯ ಹತ್ತಿರದ ಕಿಟಕಿಗೆ ಮಾತ್ರ ಯಾವ ಪರದೆಯೂ ಬೇಡ, ಬೆಂಕಿ ತಾಗೀತು.

ಹಾವೇರಿ, ಧಾರವಾಡದ ಕಡೆಯ ಅಕ್ಕಂದಿರಿಗೆ ಕೌದಿ ಹೊಲಿಯಲು ಬರುತ್ತದೆ. ಅವ್ವನ ಸೀರೆ, ಮಗುವಿನ ಅಂಗಿ, ಅಪ್ಪನ ಪಂಚೆ ಎಲ್ಲ ಸೇರಿ ಒಂದು ಕೌದಿ. ಹಳೆಯ ಮಂಚಕ್ಕೆ ಹೊದಿಸಿದರೆ ಅಂಗಡಿಯ ಬೆಡ್‌ಶೀಟ್ ಅದರ ಮುಂದೆ ನಿಲ್ಲದು. ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಹೆಂಗಸರು ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಎಲ್ಲವೂ ಹಿತ್ತಲಿನದೇ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಅದೇ ಕೈ ಚಿತ್ತಾರ ಬರೆಯುತ್ತದೆ. ಇಂಥ ಚಿತ್ತಾರವನ್ನು ಈಗ ಪೇಟೆಯವರು ಚೌಕಟ್ಟು ಹಾಕಿಸಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮ ಸಂಘದಲ್ಲೇ ಒಬ್ಬ ಸದಸ್ಯೆ ಅದನ್ನು ತವರಿನಲ್ಲಿ ಕಲಿತಿದ್ದರು. ಬಡಾವಣೆಗೆ ಬಂದು ಹನ್ನೆರಡು ವರ್ಷ ಒಂದು ಗೆರೆ ಎಳೆದಿರಲಿಲ್ಲ. "ಇಲ್ಲಿ ಯಾರು ನೋಡ್ತಾರೆ ಸಿಸ್ಟರ್, ಹಳ್ಳಿಯವರು ಅಂತ ನಗ್ತಾರೆ" ಎನ್ನುತ್ತಿದ್ದರು.

ಅಂಗಳ ಮತ್ತು ಬೀದಿ

ನಾಲ್ಕಡಿ ಅಂಗಳ ಇದ್ದರೂ ಸಾಕು. ಹಳೆಯ ಎಣ್ಣೆ ಡಬ್ಬಿ, ಒಡೆದ ಬಕೆಟ್ಟಿನ ತಳಕ್ಕೆ ತೂತು ಮಾಡಿ ಮಣ್ಣು, ಗೊಬ್ಬರ ತುಂಬಿ. ದೊಡ್ಡಪತ್ರೆ, ಬಸಳೆ, ಕರಿಬೇವು, ಒಂದು ದಾಸವಾಳ. ಒಂದು ರೆಂಬೆಯನ್ನೋ ಬೀಜವನ್ನೋ ನೆರೆಯವರಿಂದ ಕೇಳಿ ತನ್ನಿ. ಗಿಡ ಕೇಳಲು ಹೋದ ನೆಪದಲ್ಲೇ ಎಷ್ಟೋ ಮನೆಗಳ ಬಾಗಿಲು ತೆರೆದಿದೆ. ಕುಂಡದ ಕೆಳಗಿನ ತಟ್ಟೆ, ಡ್ರಮ್ಮು, ಟೈರುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ. ಡೆಂಗ್ಯೂ ಹರಡುವ ಸೊಳ್ಳೆ ಒಂದು ವಾರ ಹತ್ತು ದಿನದಲ್ಲೇ ಮೊಟ್ಟೆಯಿಂದ ಬೆಳೆದು ಹಾರುತ್ತದೆ. ನಿಮ್ಮ ಅಂಗಳದ ಸೊಳ್ಳೆಗೆ ಪಕ್ಕದ ಮನೆಯ ಕಾಂಪೌಂಡು ಅಡ್ಡಿಯಲ್ಲ.

ಮನೆ ಒಳಗೆ ಎಷ್ಟೇ ಚೆಂದ ಮಾಡಿದರೂ ಬಾಗಿಲ ಮುಂದಿನ ಚರಂಡಿ ಗಬ್ಬು ನಾರಿದರೆ ಪ್ರಯೋಜನವಿಲ್ಲ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಬೀದಿಯವರೆಲ್ಲ ಸಹಿ ಮಾಡಿ ಗ್ರಾಮ ಪಂಚಾಯಿತಿಗೋ ನಗರಪಾಲಿಕೆಗೋ ಅರ್ಜಿ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಬೀದಿ ದೀಪಕ್ಕೂ ಹಾಗೆಯೇ.

ಮುಯ್ಯಾಳು

ಈಗ ಮುಖ್ಯ ಮಾತಿಗೆ ಬರೋಣ. "ಸಿಸ್ಟರ್, ಸುಣ್ಣ ಅಗ್ಗ ಇರಬಹುದು, ಹೊಡೆಯೋ ಆಳಿಗೆ ಕೂಲಿ ಯಾರು ಕೊಡ್ತಾರೆ?" ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಆಗ ಒಬ್ಬ ಅಜ್ಜಿ, "ನಮ್ಮೂರಲ್ಲಿ ನಾಟಿಗೆ ಮುಯ್ಯಾಳು ಇತ್ತಲ್ಲ, ಸುಣ್ಣಕ್ಕೆ ಯಾಕೆ ಆಗಬಾರದು?" ಎಂದರು.

ಮುಯ್ಯಾಳು ನಿಮಗೆಲ್ಲ ಗೊತ್ತಿರುವುದೇ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ದುಡ್ಡು ಕೈ ಬದಲಿಸುವುದಿಲ್ಲ, ದುಡಿಮೆ ಬದಲಾಗುತ್ತದೆ. ಆ ಅಜ್ಜಿಯ ಮಾತಿನ ಮೇಲೆ ಸಂಘದ ಆರು ಮನೆಯವರು ಸೇರಿದರು. ನಡಾವಳಿ ಪುಸ್ತಕದಲ್ಲಿ ಐದು ನಿಯಮ ಬರೆದುಕೊಂಡರು.

೧. ಸಾಮಾನು ಮನೆಯವರದು, ದುಡಿಮೆ ಎಲ್ಲರದು.
೨. ಯಾರ ಮನೆಯಲ್ಲೂ ವಿಶೇಷ ಅಡುಗೆ ಬೇಡ. ಅನ್ನ ಸಾರು, ಮಜ್ಜಿಗೆ ಸಾಕು.
೩. ಏಣಿ ಹತ್ತಲಾಗದ ಹಿರಿಯರು ಮಕ್ಕಳನ್ನು ನೋಡಿಕೊಂಡರೆ ಅದೂ ಮುಯ್ಯಿಯೇ.
೪. ಮನೆಯ ಗಂಡಸರು, ದೊಡ್ಡ ಹುಡುಗರು ಒಂದು ಹೊತ್ತಾದರೂ ಕುಂಚ ಹಿಡಿಯಬೇಕು.
೫. ಒಬ್ಬರ ಮನೆಯಲ್ಲಿ ನೋಡಿದ್ದನ್ನು ಇನ್ನೊಬ್ಬರ ಮನೆಯಲ್ಲಿ ಆಡಬಾರದು.

ಯಾರ ಮನೆ ಮೊದಲು ಎಂಬ ಜಗಳ ಆಗಲಿಲ್ಲ. ಹಬ್ಬವೇ ದಾರಿ ತೋರಿಸಿತು. ಗೌರಿ ಹಬ್ಬದವರ ಮನೆಗಳು ಮೊದಲು, ಆಮೇಲೆ ದೀಪಾವಳಿಗೆ ಹಸೆ ಬರೆಯುವವರ ಮನೆ, ಕ್ರಿಸ್ಮಸ್ಸಿಗೆ ಮುಂಚೆ ಕ್ರೈಸ್ತರ ಮನೆ, ರಂಜಾನಿಗೆ ಮೊದಲು ಮುಸ್ಲಿಂ ಸಹೋದರಿಯ ಮನೆ. ಒಂದೇ ಬೀದಿಯಲ್ಲಿ ಎಂಟು ವರ್ಷ ಇದ್ದೂ ಒಬ್ಬರ ಅಡುಗೆಮನೆಯನ್ನು ಇನ್ನೊಬ್ಬರು ನೋಡಿರಲಿಲ್ಲ. ಕೆಲವರು ಮೊದಲು ಹಿಂಜರಿದರು. ಯಾರ ಮನೆಯಲ್ಲಿ ನೀರು ಕುಡಿಯುವುದು, ಯಾರ ಮನೆಯಲ್ಲಿ ಬಿಡುವುದು ಎಂಬ ಪ್ರಶ್ನೆಯೂ ಇತ್ತು. ಎಲ್ಲವೂ ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ತಲೆಗೆ ಟವೆಲ್ ಕಟ್ಟಿಕೊಂಡು, ಮೂಗಿನ ತುದಿಗೆಲ್ಲ ಸುಣ್ಣ ಮಾಡಿಕೊಂಡು ನಿಂತವರ ನಡುವೆ ಬಿಗುಮಾನ ಎಷ್ಟು ಹೊತ್ತು ಉಳಿದೀತು?

ಅಕ್ಕ ಏನಾದರು?

ಅಕ್ಕನ ವಿಷಯ ಸಭೆಗೆ ಬಂದಾಗ ಎಲ್ಲರೂ ಒಂದೇ ಮಾತು ಆಡಲಿಲ್ಲ. "ಅವರ ಸೋಫಾಗೆ ನಮ್ಮ ಉಳಿತಾಯದ ದುಡ್ಡು ಯಾಕೆ?" ಎಂದು ಒಬ್ಬರು ನೇರವಾಗಿಯೇ ಕೇಳಿದರು. ಆ ಪ್ರಶ್ನೆಯಲ್ಲಿ ನ್ಯಾಯವಿತ್ತು, ಎಷ್ಟೋ ಹೊತ್ತು ಚರ್ಚೆಯಾಯಿತು. ಕೊನೆಗೆ ತೀರ್ಮಾನ ಹೀಗಾಯಿತು: ಸೋಫಾದ ಕಂತು ಅಕ್ಕನೇ ತೀರಿಸಬೇಕು. ಮಗಳ ಶುಲ್ಕಕ್ಕೆ ಸಂಘದಿಂದ ೬,೦೦೦ ರೂಪಾಯಿ ಸಾಲ, ನೂರಕ್ಕೆ ಒಂದು ರೂಪಾಯಿ ಬಡ್ಡಿ. ಮಗಳು ಕಾಲೇಜು ಬಿಡಲಿಲ್ಲ.

ಅಕ್ಕನ ಮನೆಯಲ್ಲಿ ಹೊಲಿಗೆ ಯಂತ್ರ ಇದೆ. ಮುಯ್ಯಾಳಿನ ಆರೂ ಮನೆಗೆ ಹಳೆಯ ಸೀರೆಯ ಪರದೆ ಹೊಲಿದುಕೊಟ್ಟವರು ಅವರೇ. ಅದನ್ನು ನೋಡಿ ಹಿಂದಿನ ಬೀದಿಯವರೂ ಸೀರೆ ತಂದರು. ಒಂದು ತುಂಡಿಗೆ ೪೦ ರೂಪಾಯಿ ಕೂಲಿ. ದೊಡ್ಡ ಆದಾಯವೇನೂ ಅಲ್ಲ, ಆದರೆ ಕಂತು ಮತ್ತೆ ತಪ್ಪಿಲ್ಲ. ಇನ್ನೂ ಕೆಲವು ಕಂತು ಬಾಕಿ ಇದೆ. ಓಲೆ ಇನ್ನೂ ಬಿಡಿಸಿಕೊಂಡಿಲ್ಲ. ಬರಿಗಿವಿಯಲ್ಲೇ ಸಭೆಗೆ ಬರುತ್ತಾರೆ, ಯಾರೂ ಏನೂ ಕೇಳುವುದಿಲ್ಲ.

ಹೋದ ತಿಂಗಳು ಸಭೆ ಅವರ ಮನೆಯಲ್ಲೇ ನಡೆಯಿತು. ಅಡುಗೆಮನೆ ಬೆಳ್ಳಗಿತ್ತು, ಸಿಂಕಿನ ಕೊಳವೆ ಸರಿಯಾಗಿತ್ತು, ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ಸೊರಬದ ಸದಸ್ಯೆ ಬಾಗಿಲ ಪಕ್ಕ ಸಣ್ಣದೊಂದು ಚಿತ್ತಾರ ಬರೆದಿದ್ದರು. ಸೋಫಾದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದರು. ನಾಲ್ಕು ಜನ ಅದರ ಮೇಲೆ, ಉಳಿದವರು ಚಾಪೆಯ ಮೇಲೆ ಕೂತೆವು. "ಕೂರೋಕೆ ಅಂತ ತಾನೇ ತಂದಿದ್ದು ಸಿಸ್ಟರ್" ಎಂದು ಅಕ್ಕ ನಕ್ಕರು.

ಸಂಘದಲ್ಲಿ ಚರ್ಚಿಸಲು

೧. ನಮ್ಮ ಮನೆಯಲ್ಲಿ ನೋಡುವವರಿಗಾಗಿ ಕೊಂಡ ವಸ್ತು ಯಾವುದು? ನಾವು ದಿನವೂ ಬಳಸುವ ಯಾವ ಜಾಗ ಕೆಟ್ಟಿದೆ?
೨. ಈಗ ಕಟ್ಟುತ್ತಿರುವ ಸಾಲದ ಬಡ್ಡಿ ಫ್ಲಾಟೋ, ಇಳಿಕೆಯೋ? ಪಾಸ್‌ಬುಕ್, ಕಂತಿನ ಕಾರ್ಡ್ ತಂದು ಒಟ್ಟಿಗೆ ಲೆಕ್ಕ ಹಾಕಿ.
೩. ನಮ್ಮ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಿದೆಯೇ?
೪. ನಮ್ಮ ಬೀದಿಯಲ್ಲಿ ಹೆಸರು ಗೊತ್ತಿಲ್ಲದ ಮನೆಗಳು ಎಷ್ಟು?
೫. ನಮ್ಮ ಸಂಘದಲ್ಲಿ ಯಾರಿಗೆ ಯಾವ ಕೈಕೆಲಸ ಬರುತ್ತದೆ? ಪಟ್ಟಿ ಮಾಡಿ.

ಈ ತಿಂಗಳ ಕೆಲಸ

ಮುಂದಿನ ಸಭೆಗೆ ಮೊದಲು ಪ್ರತಿಯೊಬ್ಬರೂ ಒಂದು ಕಿಟಕಿಗೆ ಅಡ್ಡವಿರುವುದನ್ನು ಸರಿಸಿ. ಹೆಸರು ಗೊತ್ತಿಲ್ಲದ ಒಂದು ಮನೆಗೆ ಹೋಗಿ ಒಂದು ರೆಂಬೆ ಗಿಡ ಕೇಳಿ ತನ್ನಿ, ಇಲ್ಲವೇ ಕೊಟ್ಟು ಬನ್ನಿ. ಮುಯ್ಯಾಳಿಗೆ ಯಾವ ಮನೆ ಮೊದಲು ಎಂದು ಸಭೆಯಲ್ಲಿ ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ದಿನಾಂಕ ಬರೆಯಿರಿ. ಸುಣ್ಣ ಕಲಸುವ ದಿನ ನಮ್ಮನ್ನೂ ಕರೆಯಿರಿ. ಏಣಿ ಹತ್ತುವ ವಯಸ್ಸು ನಮ್ಮದಲ್ಲ, ಆದರೆ ಸುಣ್ಣ ಸೋಸಲು, ಮಕ್ಕಳನ್ನು ನೋಡಿಕೊಳ್ಳಲು ಬರುತ್ತೇವೆ.